ಇಲ್ಲ ಎನ್ನದ ಪತ್ರ

ನಮ್ಮ ಮನೆಯಲ್ಲಿ ಅಕ್ಕಿ ಎಂದೂ ಮುಗಿದಿದ್ದಿಲ್ಲ. ಡಬ್ಬದ ತಳ ಕಂಡ ದಿನ ಅಮ್ಮ ಅಡುಗೆಮನೆಯಿಂದ "ಅಕ್ಕಿ ಹೆಚ್ಚಿದೆ ಕಣೋ" ಎನ್ನುತ್ತಿದ್ದಳು. ನಾನು ಚೀಲ ಹಿಡಿದು ಅಂಗಡಿಗೆ ಓಡಬೇಕಿತ್ತು. ಬಳೆಯೂ ಅಷ್ಟೇ, ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ದೀಪವನ್ನು ಆರಿಸುವಂತಿಲ್ಲ, ದೊಡ್ಡದು ಮಾಡಬೇಕು. ಹೊರಟವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಇಂಥ ಮನೆಯಲ್ಲಿ ಬೆಳೆದವನಿಗೆ ಮುಂದೆ ಒಂದು ಖಾಸಗಿ ಕಂಪನಿಯಲ್ಲಿ ಗಿರಾಕಿಗಳ ದೂರಿಗೆ ಉತ್ತರ ಬರೆಯುವ ಕೆಲಸ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹದಿನೈದು ವರ್ಷದ ತರಬೇತಿಯನ್ನು ಅಮ್ಮ ಪುಕ್ಕಟೆಯಾಗಿ ಕೊಟ್ಟಿದ್ದಳು.

ಆ ಕೆಲಸದಲ್ಲಿ ನಾನು ಗಟ್ಟಿಗ. ತಪ್ಪು ನಮ್ಮದು ಎನ್ನುವುದನ್ನು ಒಪ್ಪಿಕೊಳ್ಳದೆ ವಿಷಾದಿಸಬೇಕು, ಹಣ ವಾಪಸು ಕೊಡದೆ ಧನ್ಯವಾದ ಹೇಳಬೇಕು, ಓದಿದವನು ಸಿಟ್ಟಿಳಿಸಿಕೊಂಡು ಮತ್ತೆ ನಮ್ಮ ಹತ್ತಿರವೇ ಬರಬೇಕು. ಇಷ್ಟನ್ನೂ ಎಂಟು ಸಾಲಿನಲ್ಲಿ ಮುಗಿಸುತ್ತಿದ್ದೆ. ಈ ಕೀರ್ತಿ ಆಫೀಸಿನಿಂದ ಜಯನಗರದ ನಮ್ಮ ಬೀದಿಗೂ ಹಬ್ಬಿತು. ಬಾಡಿಗೆದಾರನನ್ನು ಬಿಡಿಸಬೇಕಾದವರು, ಗೃಹಪ್ರವೇಶಕ್ಕೆ ಹೋಗಲಾರದವರು, ನಾದಿನಿಯ ಮೇಲೆ ಮುನಿಸಿಕೊಂಡವರು ಎಲ್ಲರೂ ಬರುತ್ತಿದ್ದರು. ಎಲ್ಲರದೂ ಒಂದೇ ಬೇಡಿಕೆ: "ಹೇಳಿದ ಹಾಗೂ ಆಗ್ಬೇಕು ಸಾರ್, ಹೇಳಿದ ಹಾಗೂ ಇರ್ಬಾರ್ದು." ನಾನು ಪೆನ್ನಿನ ಮುಚ್ಚಳ ಬಿಚ್ಚುತ್ತಾ ಒಂದು ನಗೆ ನಗುತ್ತಿದ್ದೆ. ಆ ನಗೆಯನ್ನು ಈಗ ನೆನೆದರೆ ನನಗೇ ಕಪಾಳಕ್ಕೆ ಬಾರಿಸಬೇಕೆನಿಸುತ್ತದೆ.

ತೊಂಬತ್ತರ ದಶಕದ ನಡುವೆ ನನ್ನ ತಮ್ಮ ಚಂದ್ರುವಿಗೆ ಹೆಣ್ಣು ನೋಡುತ್ತಿದ್ದೆವು. ಸೋದರಮಾವನ ಪರಿಚಯದ ಶಿವಪುತ್ರಪ್ಪನವರು ಗದಗಿನ ಕಡೆಯವರು, ಕಾರ್ಖಾನೆಯೊಂದರಲ್ಲಿ ಕೆಲಸ, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸುಮಂಗಲಾ, ಬಿ.ಕಾಂ. ಮುಗಿಸಿದ್ದಳು. ನಾವು ಹೋದ ದಿನ ಆ ಹುಡುಗಿ ತಟ್ಟೆ ಇಟ್ಟು ತಲೆ ತಗ್ಗಿಸಿ ನಿಲ್ಲಲಿಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, "ನಿಮಗ ಓದೂ ಹವ್ಯಾಸ ಐತೇನ್ರಿ?" ಎಂದು ಚಂದ್ರುವನ್ನು ಕೇಳಿದಳು. ಅವನು ಪೇಪರ್ ಓದ್ತೀನಿ ಎಂದ. ಅವಳು ನಕ್ಕಳು. ನನಗಂತೂ ಹುಡುಗಿ ಬಹಳ ಹಿಡಿಸಿದಳು.

ಮನೆಗೆ ಬಂದದ್ದೇ ಚಂದ್ರು ಬೇಡ ಎಂದ.

"ಯಾಕೋ?" ಎಂದೆ.

"ಆ ಭಾಷೆ ಕೇಳಿದ್ಯಲ್ಲ ಅಣ್ಣ. ಐತೇನ್ರಿ, ಬರ್ರಿ, ಕೂಡ್ರಿ. ಫ್ರೆಂಡ್ಸ್ ಮುಂದೆ ಮಾತಾಡಿದ್ರೆ ನಗ್ತಾರೆ ಅಷ್ಟೇ."

ಕಾರಣ ಇಷ್ಟೇ. ಅದನ್ನು ಬರೆಯುವಂತಿರಲಿಲ್ಲ. ಅಮ್ಮ ನನ್ನ ಮುಂದೆ ಕೂತು ತನಗೆ ಬೇಕಾದ್ದನ್ನು ಒಂದೊಂದಾಗಿ ಹೇಳಿದಳು. ಅವರಿಗೆ ಬೇಜಾರಾಗಬಾರದು. ಮಾವನ ಮುಖಕ್ಕೆ ಮಸಿಯಾಗಬಾರದು. ನಮ್ಮ ಹುಡುಗ ಬೇಡ ಅಂದ ಅಂತ ಊರಲ್ಲಿ ಮಾತಾಗಬಾರದು. ಕೊನೆಗೆ ದನಿ ತಗ್ಗಿಸಿ, "ಅರಸೀಕೆರೆಯ ಸಂಬಂಧ ಇನ್ನೂ ಗಟ್ಟಿಯಾಗಿಲ್ಲ. ಪೂರ್ತಿ ಬಾಗ್ಲು ಹಾಕ್ಬಿಡ್ಬೇಡ" ಎಂದಳು.

ಪತ್ರ ಬರೆದೆ. ಇವತ್ತಿಗೂ ಬಾಯಿಪಾಠವಿದೆ. ‘ತಮ್ಮ ಮನೆಯ ಸಂಬಂಧ ದೊರೆಯುವುದು ಯಾರಿಗಾದರೂ ಭಾಗ್ಯವೇ ಸರಿ. ಚಿರಂಜೀವಿ ಸುಮಂಗಲಾಳ ನಡೆನುಡಿ ನಮ್ಮೆಲ್ಲರ ಮನಸ್ಸಿಗೂ ಬಂದಿದೆ. ಆದರೆ ಮನೆಯ ಕೆಲವು ಅನಾನುಕೂಲಗಳಿಂದಾಗಿ ಸದ್ಯಕ್ಕೆ ಮಾತನ್ನು ಮುಂದುವರಿಸುವ ಸ್ಥಿತಿಯಲ್ಲಿ ನಾವಿಲ್ಲ. ಹಿರಿಯರಾದ ತಾವು ಅರಿಯದ್ದೇನಿದೆ?’

ಆ ‘ಸದ್ಯಕ್ಕೆ’ಯನ್ನು ನೋಡಿ. ತುಂಬುತ್ತಿರುವ ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಟವೆಲು ಎಸೆಯುತ್ತಾರಲ್ಲ, ಹಾಗೆ ಅದು. ನಾವು ಕೂರುತ್ತೇವೋ ಇಲ್ಲವೋ, ಬೇರೆಯವರು ಕೂರುವಂತಿಲ್ಲ. ಅಮ್ಮ ಎರಡು ಸಲ ಓದಿಸಿಕೊಂಡು ಕೇಳಿ, "ಸಕ್ಕರೆ ಹಾಕಿದ ಹಾಗಿದೆ" ಎಂದಳು. ಎಂಟು ತಿಂಗಳಿಗೆ ಅರಸೀಕೆರೆಯ ಹುಡುಗಿಯೊಡನೆ ಚಂದ್ರುವಿನ ಮದುವೆಯಾಯಿತು. ಶಿವಪುತ್ರಪ್ಪನವರನ್ನು ಕರೆಯಲಿಲ್ಲ, ಕರೆದರೆ ಚೆನ್ನಾಗಿರುವುದಿಲ್ಲ ಎಂದು ಅಮ್ಮನೇ ಹೇಳಿದಳು. ನಾನು ಆ ಮನೆಯನ್ನು ಮರೆತೆ. ಚೆನ್ನಾಗಿ ಬರೆದವನಿಗೆ ಬೇಗ ಮರೆಯುವ ಸೌಕರ್ಯವೂ ಇರುತ್ತದೆ.

ಒಂಬತ್ತು ವರ್ಷ ಕಳೆದು, ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಯಾರೋ ಹೆಂಗಸು ಹತ್ತಿರ ಬಂದು, "ನೀವು ಚಂದ್ರಶೇಖರ ಅವರ ಅಣ್ಣಾರಲ್ರಿ?" ಎಂದಳು. ದನಿಯಿಂದ ಗುರುತು ಹತ್ತಿತು. ಸುಮಂಗಲಾ ಈಗ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಮನೆ ಗೊಟ್ಟಿಗೆರೆಗೆ ಬದಲಾಗಿತ್ತು. ಕೊರಳಲ್ಲಿ ತಾಳಿ ಇರಲಿಲ್ಲ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಆ ಪತ್ರ ನೀವ ಬರದದ್ದಂತಲ್ರಿ? ನಿಮ್ಮ ಮಾವಾರು ಹೇಳಿದ್ರು" ಎಂದಳು.

ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣದಲ್ಲಿ ನಾನು ಹೊಗಳಿಕೆಗೆ ಕಾದೆ. ಅಯ್ಯೋ ಅದೇನು ಮಹಾ ಎನ್ನಲು ಬಾಯಿ ಸಿದ್ಧವಾಗಿತ್ತು.

"ಅದನ್ನ ಅಪ್ಪಾ ಪ್ಲಾಸ್ಟಿಕ್ ಕವರಿನ್ಯಾಗ ಇಟ್ಟಾರ್ರಿ" ಎಂದಳು. "ಯಾವುದಾರ ಗಂಡು ನೋಡಾಕ ಬಂದ್ರ ಹೊರಗ ತೆಗೀತಾರ. ನೋಡ್ರಿ, ಜಯನಗರದಾಗಿನ ದೊಡ್ಡ ಮಂದಿ ನಮ್ಮ ಸಂಬಂಧ ಭಾಗ್ಯ ಅಂತ ಬರದಾರ, ಅವರ ಮನಿ ತಾಪತ್ರಯಕ್ಕ ಮುಂದ ಹೋಗಲಿಲ್ಲ, ಅಂತಾರ. ಬಂದವರು ಓದ್ತಾರ. ಓದಿದ ಕೂಡಲೇ ಅವರಿಗೆ ತಿಳೀತೈತಿ, ಈಕಿನ್ನ ಯಾರೋ ಬ್ಯಾಡ ಅಂದಾರ ಅಂತ. ಚಾ ಕುಡಿದು ಎದ್ದು ಹೋಗ್ತಾರ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಮಾಧಾನಪಡಿಸುವ ವಿದ್ಯೆ ನನಗೆ ಗೊತ್ತಿತ್ತು.

"ನಿಮ್ಮ ಪತ್ರ ಬಂದ ಮುಂದಿನ ತಿಂಗಳ ಬಾಗಲಕೋಟಿ ಹುಡುಗ ಒಬ್ಬಾಂವ ಒಪ್ಪಿದ್ದ. ಅಪ್ಪಾ ಬ್ಯಾಡ ಅಂದ್ರು. ಜಯನಗರದವರು ಸದ್ಯಕ್ಕ ಅಂದಾರ, ಮಾತು ಇನ್ನೂ ಮುಗಿದಿಲ್ಲ, ನಾವು ಹಿಂಗ ಮಾಡಿದ್ರ ಛಲೋ ಅಲ್ಲ ಅಂದ್ರು. ಹೋಗ್ಲಿ ಬಿಡ್ರಿ. ನಾ ಹೇಳಿದ್ರ ಅಪ್ಪಾ ಕೇಳಂಗಿಲ್ಲ. ನೀವ ಒಮ್ಮೆ ಬಂದು ಹೇಳ್ರಿ, ಅದು ಇಲ್ಲ ಅಂತ ಬರದ ಪತ್ರ ಅಂತ. ಅಷ್ಟ ಸಾಕು."

ಮುಂದಿನ ಭಾನುವಾರ ಬೆಳಿಗ್ಗೆ ಗೊಟ್ಟಿಗೆರೆಗೆ ಹೋದೆ. ಬಸ್ಸಿನಲ್ಲಿ ಕೂತು, ಎದುರಿಗಿದ್ದವರು ತಿರುಗಿ ನೋಡುವಷ್ಟು ತುಟಿಯಾಡಿಸುತ್ತಾ, ಹೇಳಬೇಕಾದ್ದನ್ನು ಹತ್ತು ಬಗೆಯಲ್ಲಿ ಜೋಡಿಸಿದೆ. ತಪ್ಪೊಪ್ಪಿಗೆಯಂತಿರಬೇಕು, ಅಮ್ಮನ ಮಾನ ಉಳಿಯಬೇಕು, ಚಂದ್ರುವಿನ ಕಾರಣ ಹೊರಬೀಳಬಾರದು, ಮುದುಕರ ಮನಸ್ಸಿಗೆ ನೋವಾಗಬಾರದು, ನಾನು ಒಳ್ಳೆಯವನೆಂದೂ ಅವರಿಗೆ ಅನಿಸಬೇಕು. ನಾಯಿಬಾಲ ಡೊಂಕು.

ಸುಮಂಗಲಾ ನನ್ನನ್ನು ಒಳಗೆ ಕೂರಿಸಿ, ತರಕಾರಿ ತರುತ್ತೇನೆಂದು ಬೇಕೆಂದೇ ಹೊರಗೆ ಹೋದಳು. ಶಿವಪುತ್ರಪ್ಪನವರು ಬಹಳ ಇಳಿದುಹೋಗಿದ್ದರು. "ಬರ್ರಿ ಬರ್ರಿ, ನಮ್ಮ ಮನೀಗೆ ನೀವು ಬಂದದ್ದ ದೊಡ್ಡದು" ಎಂದು ಕೈ ಮುಗಿದರು. ಅಷ್ಟಕ್ಕೇ ನಾನು ಜೋಡಿಸಿದ್ದೆಲ್ಲ ಕಲಸಿಹೋಯಿತು.

"ಆ ಪತ್ರ..." ಎಂದೆ. "ಅದರಲ್ಲಿ ಅನಾನುಕೂಲ ಏನೂ ಇರ್ಲಿಲ್ಲ ಸಾರ್. ನಮ್ಮ ಹುಡುಗನಿಗೆ ಇಷ್ಟ ಇರ್ಲಿಲ್ಲ. ಅವತ್ತೇ ಇರ್ಲಿಲ್ಲ. ನಾನು ಹಾಗೆ ಬರೆದೆ."

ಅವರು ತಮ್ಮ ಅಂಗೈ ನೋಡಿಕೊಂಡರು.

"ನನಗ ಓದಾಕ ಬರಂಗಿಲ್ಲ ಅಂತ ತಿಳದೀರೇನ್ರಿ?" ಎಂದರು. "ನಿಮ್ಮ ತಮ್ಮನ ಮದುವಿ ಸುದ್ದಿ ಬಂದಾಗ ತಿಳೀತು. ಆದ್ರ ಅಷ್ಟೊತ್ತಿಗೆ ಬಾಗಲಕೋಟಿ ಹುಡುಗನ್ನ ನಾನ ಬ್ಯಾಡ ಅಂದಿದ್ದೆ. ನಿಮ್ಮ ಕಾಗದ ನಂಬಿ ಅಂದಿದ್ದೆ. ಈ ಕಾಗದ ಸುಳ್ಳಾದ್ರ, ಮಗಳ ಬಾಳೇವು ಹಾಳು ಮಾಡಿದಾಂವ ಯಾರಾದ? ನಾನ ಅಲ್ರಿ? ಅದಕ್ಕ ಇದು ಖರೇ ಇರ್ಬೇಕು. ನಾಲ್ಕು ಮಂದಿ ಮುಂದ ಓದಿದ್ರ ನನಗೂ ಒಂದ್ಚೂರು ಖರೇ ಅನಸ್ತೈತಿ."

ಅವರು ಎದ್ದು ಕಪಾಟಿನಿಂದ ಆ ಕವರು ತಂದು ನನ್ನ ಮುಂದಿಟ್ಟರು. ನನ್ನದೇ ದುಂಡಗಿನ ಅಕ್ಷರ. ಮಡಿಕೆಯ ಗೆರೆಯಲ್ಲಿ ‘ಭಾಗ್ಯ’ ಅರ್ಧ ಅಳಿಸಿತ್ತು.

"ತಗೊಂಡು ಹೋಗ್ರಿ. ಇನ್ನ ಯಾರಿಗೂ ತೋರ್ಸಂಗಿಲ್ಲ. ಆದ್ರ ನನಗ ಮೊದಲ ತಿಳಿದಿತ್ತು ಅಂತ ಆಕಿಗೆ ಹೇಳಬ್ಯಾಡ್ರಿ. ಅಪ್ಪಗ ತಿಳೀಲಿಲ್ಲ ಪಾಪ, ಅಂತ ಇರ್ಲಿ. ದಡ್ಡ ಅಪ್ಪನ್ನ ಕ್ಷಮಿಸ್ತಾಳ."

ಆಗಲಿ ಎಂದೆ.

ಬಸ್‌ಸ್ಟಾಪಿನಲ್ಲಿ ಸುಮಂಗಲಾ ಸೊಪ್ಪಿನ ಚೀಲ ಹಿಡಿದು ನಿಂತಿದ್ದಳು.

"ಹೇಳಿದ್ರೇನ್ರಿ?"

"ಹೇಳ್ದೆ."

"ಏನಂದ್ರು?"

"ಇನ್ಮೇಲೆ ಯಾರಿಗೂ ತೋರ್ಸಲ್ಲ ಅಂದ್ರು. ಪತ್ರ ನಂಗೇ ಕೊಟ್ಬಿಟ್ರು."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಬದುಕಿನಲ್ಲಿ ಬರೆದ ಯಾವ ಪತ್ರದಲ್ಲೂ ಅಷ್ಟಾಗಿ ಸುಳ್ಳಿರಲಿಲ್ಲ. ಸುಳ್ಳು ಹೇಳಿದ್ದಿದ್ದರೆ ಯಾರಾದರೂ ಎಂದಾದರೂ ಹಿಡಿಯುತ್ತಿದ್ದರು.

ಅವಳು ನನ್ನ ಮುಖವನ್ನೇ ನೋಡಿದಳು. "ಸಾರ್, ನೀವು ಒಂದ ಮಾತಿನ್ಯಾಗ ಎಷ್ಟು ಮಂದೀನ್ನ ಕಾಪಾಡ್ತೀರಿ?" ಎಂದಳು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, "ಅದರಾಗ ನಾನೂ ಅದೀನೇನ್ರಿ?"

ಬಸ್ಸು ತಿರುವಿನಲ್ಲಿ ಕಾಣಿಸಿತು. ಉತ್ತರಗಳು ಎಂದಿನಂತೆ ಸಾಲುಗಟ್ಟಿ ಬಂದವು, ಒಂದಕ್ಕಿಂತ ಒಂದು ಚೆಂದ.

"ಇಲ್ಲಮ್ಮ" ಎಂದೆ.

ಅವಳು ತಲೆಯಾಡಿಸಿದಳು, ದಾರಿ ಕೇಳಿದವರಿಗೆ ದಾರಿ ಸಿಕ್ಕಿದಂತೆ. "ಹತ್ರಿ, ಸೀಟು ಅದಾವು" ಎಂದು ಹೇಳಿ ಮನೆಯ ಕಡೆ ನಡೆದಳು.