ಮುಕ್ಕಾಲು ಇಂಚಿನ ಬೋರ್ಡು

ಇರ್ವಿಂಗ್‌ನಲ್ಲಿ ಹಾಲಪ್ಪನವರ ಸೀರೆ ಅಂಗಡಿಗೆ ಹೋದವರು ಮೊದಲು ಬೂಟು ಬಿಚ್ಚಬೇಕು. ಹುಬ್ಬಳ್ಳಿಯ ಅಂಗಡಿಗಳ ಹಾಗೆ ಅಲ್ಲಿ ನೆಲಕ್ಕೆ ಬಿಳಿ ಗಾದಿ ಹಾಸಿದ್ದಾರೆ. ಟೆಕ್ಸಾಸಿನಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಯಾರಿಗೂ ಕಾಣದಂತೆ ಅಂಗಿಯೊಳಗೆ ಇಟ್ಟುಕೊಂಡು ತಿರುಗಬಹುದು. ಆದರೆ ಲೇಸ್ ಬಿಚ್ಚಲು ಬಗ್ಗಿದರೆ ಅಂಗಿ ಮೇಲೇರುತ್ತದೆ. 2002ರ ಏಪ್ರಿಲ್‌ನಲ್ಲಿ, ಹೆಂಡತಿಗೆ ಇಳಕಲ್ ಸೀರೆ ಕೊಡಿಸಲು ಬಂದ ಸಂಭಾವಿತನೊಬ್ಬ ಹಾಗೆ ಬಗ್ಗಿದ. ಅವನ ಸೊಂಟದಲ್ಲಿ ಕಂಡ ಕರಿ ಹಿಡಿಕೆ ನೋಡಿ ಹಾಲಪ್ಪನವರ ಕೈಯಲ್ಲಿದ್ದ ಸೀರೆ ಮಡಿಕೆ ಬಿಚ್ಚಿ ನೆಲಕ್ಕೆ ಜಾರಿತು.

ಅವನು ಹೋದ ಮೇಲೆ ಅವರಿಗೆ ಮಾತು ಬಂತು. "ಬಂದೂಕು! ಅಧ್ಯಕ್ಷರ ಅಂಗಡ್ಯಾಗ!"

ಅಧ್ಯಕ್ಷರೆಂದರೆ ಟೆಕ್ಸಾಸ್ ಸೀರೆ ವ್ಯಾಪಾರಿಗಳ ಸಂಘದ ಅಧ್ಯಕ್ಷರು. ಸಂಘದಲ್ಲಿ ಐದು ಜನ. ಡಾಲಸ್ ಕಡೆಯವರು ಇಬ್ಬರು, ಹ್ಯೂಸ್ಟನ್ನಿನವರು ಇಬ್ಬರು, ಆಸ್ಟಿನ್ನಿನವರು ಒಬ್ಬರು. ರಾಜಧಾನಿ ಬಿಟ್ಟು ಬೇರೆಡೆ ಸಭೆ ನಡೆಸುವುದು ಘನತೆಗೆ ಕಡಿಮೆಯೆಂದು ಹಾಲಪ್ಪನವರು ತಿಂಗಳಿಗೆರಡು ಶನಿವಾರ ಮೂರು ಗಂಟೆ ಡ್ರೈವ್ ಮಾಡಿಕೊಂಡು ಆಸ್ಟಿನ್‌ಗೆ ಹೋಗುತ್ತಿದ್ದರು. ಸಭೆಯ ಹೊತ್ತಿನಲ್ಲಿ ಎಲ್ಲರ ಫೋನೂ ಆಫ್ ಇರಬೇಕೆಂಬುದು ಅವರೇ ಮಾಡಿದ ನಿಯಮ. ಆ ದಿನಗಳಲ್ಲಿ ಅಂಗಡಿ ಹೆಂಡತಿ ಉಷಾರಾಣಿಯ ಪಾಲಿಗೆ.

'ಬಂದೂಕಿಗೆ ಪ್ರವೇಶವಿಲ್ಲ. ಅಪ್ಪಣೆ: ಹಾಲಪ್ಪ, ಅಧ್ಯಕ್ಷರು' ಎಂದು ಇಂಗ್ಲಿಷಿನಲ್ಲಿ ಬರೆದು ಅಂದೇ ಬಾಗಿಲಿಗೆ ಅಂಟಿಸಿದರು. ಪಕ್ಕದ ಊರು ಅಲೆನ್‌ನಿಂದ ಸೀರೆ ಕೊಳ್ಳಲು ಬಂದಿದ್ದ ಇಂಜಿನಿಯರ್ ತಿರುಮಲ ಓದಿ ನಕ್ಕ.

"ಇದು ನಡೆಯಲ್ಲ ಅಂಕಲ್. ಲೈಸೆನ್ಸ್ ಇರೋರನ್ನ ತಡೀಬೇಕಾದ್ರೆ ಕಾನೂನಲ್ಲಿರೋ ಮಾತನ್ನೇ ಬರೀಬೇಕು. ಇಂಗ್ಲಿಷಲ್ಲೂ, ಸ್ಪ್ಯಾನಿಷಲ್ಲೂ."

"ನನ್ನ ಹೆಸರು ಹಾಕೀನಲ್ಲೋ ತಮ್ಮಾ!"

"ಅದನ್ನ ಕಾನೂನು ಕೇಳಿಲ್ಲ, ಅಂಕಲ್."

ಸ್ಪ್ಯಾನಿಷ್ ಎಂದಾಕ್ಷಣ ಹಾಲಪ್ಪನವರ ಮುಖ ಅರಳಿತು. ಕಳೆದ ದೀಪಾವಳಿ ಆದಾಗಿನಿಂದ ಉಷಾರಾಣಿ, ಅಂಗಡಿಗೆ ರಜೆಯಿರುವ ಮಂಗಳವಾರಗಳಲ್ಲಿ, ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಿದ್ದರು. "ನಮ್ಮ ಮನ್ಯಾಗ ಮೂರು ಭಾಷಾ" ಎಂದು ಇವರು ಅದನ್ನು ಹ್ಯೂಸ್ಟನ್‌ವರೆಗೂ ಸಾರಿ ಬಂದಿದ್ದರು.

ಹೊಸ ಬೋರ್ಡು ಬಂದದ್ದು ಒಂದು ಶನಿವಾರ ಹನ್ನೊಂದಕ್ಕೆ. ಆಸ್ಟಿನ್‌ನಲ್ಲಿ ಸಭೆ ಶುರುವಾಗುವ ಹೊತ್ತು. ಆದರೆ ಅಧ್ಯಕ್ಷರು ಊಟದ ನಂತರದ ಭಾಷಣಕ್ಕೆ ತಲುಪಿದರೆ ಸಾಕಿತ್ತು. ಅರ್ಧ ಬಾಗಿಲಿನಷ್ಟಿದ್ದ ಅದನ್ನು ಗಾದಿಯ ಮೇಲೆ ಮಲಗಿಸಿದರು.

"ಉಷಾ, ಕೆಳಗಿನ ಸ್ಪ್ಯಾನಿಷ್ ಒಮ್ಮೆ ಓದು. ತಪ್ಪಿದ್ರ ಹೇಳು."

ಉಷಾರಾಣಿ ಓದಲಿಲ್ಲ. ರವಿಕೆ ಅಳೆಯುವ ಟೇಪು ತಂದು ಒಂದು ಅಕ್ಷರದ ಮೇಲೆ ಹಿಡಿದರು.

"ಮುಕ್ಕಾಲು ಇಂಚು ಅದ ರೀ. ನಡ್ಯಂಗಿಲ್ಲ. ಪೂರ್ತಿ ಒಂದು ಇಂಚು ಇರಬೇಕು. ಸೆಕ್ಷನ್ ಥರ್ಟಿ ಪಾಯಿಂಟ್ ಝೀರೋ ಸಿಕ್ಸ್."

"ಇದನ್ನೆಲ್ಲ ಸ್ಪ್ಯಾನಿಷ್ ಕ್ಲಾಸಿನ್ಯಾಗ ಕಲಿಸ್ತಾರೇನು?"

"ನನಗ ಸ್ಪ್ಯಾನಿಷ್ ಬರಂಗಿಲ್ರೀ. ಮಂಗಳವಾರ ನಾ ಹೋಗತಿದ್ದದ್ದು ಬ್ಯಾರೆ ಕ್ಲಾಸಿಗೆ."

ಗಲ್ಲಾದ ಕೆಳಗಿನಿಂದ ತಮ್ಮ ಕೈಚೀಲ ತೆಗೆದು, ಬಾಯಿ ಅಗಲಿಸಿ ಗಂಡನ ಮುಂದೆ ಹಿಡಿದರು. ಕುಂಕುಮದ ಡಬ್ಬಿ, ಬೀಗದ ಕೈ, ಒಂದು ಸಣ್ಣ ಪಿಸ್ತೂಲು.

ಹಾಲಪ್ಪನವರು ಬೋರ್ಡಿನ ಮೇಲೇ ಕುಳಿತುಬಿಟ್ಟರು. "ಯಾಕ?" ಎಂದರು.

"ದೀಪಾವಳಿ ಹಿಂದಿನ ಶನಿವಾರ. ನೀವು ಆಸ್ಟಿನ್ನಾಗ ಇದ್ರಿ. ಒಬ್ಬಾಂವ ಬಂದ. ಬೂಟು ಬಿಚ್ಚಲಿಲ್ಲ. ಒಳಗಿಂದ ಚಿಲಕಾ ಹಾಕಿದ. ಬಂದೂಕು ಇಲ್ಲಿ ಹಿಡಿದ." ಉಷಾರಾಣಿ ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದರು. "ಪಾಟ್ಲಿ ಬಿಚ್ಚಿಸಿಕೊಂಡು ಹೋದ. ಪೊಲೀಸರು ಬಂದ್ರು, ಬರಕೊಂಡ್ರು, ಹೋದ್ರು. ನಿಮಗ ಮೂರು ಸಲ ಫೋನ್ ಮಾಡಿದೆ."

"ಮನಿಗೆ ಬಂದ ಮ್ಯಾಲಾದ್ರೂ ಹೇಳಬಾರದಾ?"

"ಹೇಳಾಕಂತನ ಕುಂತಿದ್ದೆ. ನೀವು ಅವತ್ತಿನ ಭಾಷಣ ಪೂರ್ತಿ ಮತ್ತೊಮ್ಮೆ ಮಾಡಿದ್ರಿ. ಎಲ್ಲೆಲ್ಲಿ ಚಪ್ಪಾಳೆ ಬಿತ್ತು ಅನ್ನೋದು ಸೈತ ಹೇಳಿದ್ರಿ. ಹೋಗ್ಲಿ, ತಾವ ನೋಡ್ತಾರ ಅಂತ ಬಿಟ್ಟೆ."

ಇಪ್ಪತ್ತು ಅಡಿ ದೂರದಿಂದ ಜರಿಯ ಒಂದು ಎಳೆ ತುಂಡಾಗಿದ್ದರೂ ಗುರುತು ಹಿಡಿಯುವ ಮನುಷ್ಯ ಹಾಲಪ್ಪ. ಅವರು ಈಗ ಹೆಂಡತಿಯ ಮುಂಗೈ ನೋಡಿದರು. ಚಿನ್ನದ ಪಾಟ್ಲಿ ಇರುತ್ತಿದ್ದ ಜಾಗದಲ್ಲಿ ಹಸಿರು ಗಾಜಿನ ಬಳೆಗಳು. ಆರು ತಿಂಗಳಿಂದ ಅದೇ ಕೈ ಅವರಿಗೆ ಊಟ ಬಡಿಸಿತ್ತು.

"ಬೋರ್ಡು ಹಾಕ್ರಿ," ಎಂದರು ಉಷಾರಾಣಿ. "ಒಂದು ಇಂಚಿಂದ ಮಾಡಿಸಿ ಹಾಕ್ರಿ. ನನಗೇನು ಇದನ್ನ ಹೊತ್ತು ತಿರಗೋ ಆಸೆ ಇಲ್ಲ. ಇದು ಚೀಲದಾಗ ಇದ್ರೂ ಹೆದರಿಕಿ, ಇರಲಿಲ್ಲಂದ್ರೂ ಹೆದರಿಕಿ. ಆದ್ರ ಅವತ್ತು ಬಂದಾಂವ ಬೋರ್ಡು ಓದೋ ಪೈಕಿ ಅಲ್ಲ. ಶನಿವಾರ ನೀವು ಅಂಗಡ್ಯಾಗ ಇರ್ರಿ, ಇದನ್ನ ವಾಪಸ್ ಕೊಟ್ಟು ಬರ್ತೀನಿ."

ಹಾಲಪ್ಪನವರು ಫೋನ್ ತೆಗೆದರು. ಇವತ್ತೂ ಬರುವುದಿಲ್ಲ, ಇನ್ನು ಮುಂದೆಯೂ ಬರುವುದಿಲ್ಲ ಎಂದು ಆಸ್ಟಿನ್‌ನ ಸದಸ್ಯ ಉದಯಶಂಕರನಿಗೆ ಹೇಳಬೇಕಿತ್ತು. ಅವನ ಫೋನ್ ಆಫ್ ಆಗಿತ್ತು. ಮತ್ತೆ ಮಾಡಿದರು. ಆಫ್.

"ಸಭಾ ನಡದಿರಬೇಕು," ಎಂದರು ಉಷಾರಾಣಿ, ಟೇಪು ಸುತ್ತುತ್ತ.

ಹಾಲಪ್ಪನವರು ಮೂರನೆಯ ಸಲ ನಂಬರು ಒತ್ತಿದರು.