ತೊಳೆದ ಮೇವು

ಅದು ತೊಂಬತ್ತರ ದಶಕದ ನಡುವಿನ ಯಾವ ವರ್ಷ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಅಣ್ಣ ಒಂದು ವರ್ಷ ಹೇಳುತ್ತಾನೆ, ಅವನ ಹೆಂಡತಿ, ಅಂದರೆ ನನ್ನ ವೈನಿ, ಇನ್ನೊಂದು ಹೇಳುತ್ತಾರೆ. ನನಗೆ ಎರಡೂ ಸರಿ ಅನ್ನಿಸುವುದರಿಂದ ನನ್ನ ನೆನಪಿನ ಮೇಲೆ ನನಗೇ ಗುಮಾನಿ. ಆ ವರ್ಷ ಹಸಿರು ಕಂಡರೆ ನಾನು ಹೆದರುತ್ತಿದ್ದೆ ಎಂಬುದು ಮಾತ್ರ ಖಾತ್ರಿ. ನಮ್ಮ ಕಡೆಯ ಬಿಸಿಲಿನಲ್ಲಿ ಹಸಿರಿಗೆ ಹೆದರಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ನಮ್ಮ ಊರು ಚಿತ್ತಾಪುರಕ್ಕೂ ವಾಡಿಗೂ ನಡುವೆ. ಮೇಲೆ ಗೇಣುದ್ದ ಮಣ್ಣು, ಕೆಳಗೆಲ್ಲ ಪದರ ಪದರವಾಗಿ ಫರಸಿ ಕಲ್ಲು. ಹೊಲದ ಬದುವಿನಾಚೆಗೇ ಕಲ್ಲಿನ ಖಣಿ ಶುರುವಾಗುತ್ತಿತ್ತು. ಕಲ್ಲು ಕೊಯ್ದ ಬಿಳಿ ಧೂಳು ಗಾಳಿ ಬಂದ ಕಡೆ ಹಾರಿ ಗಿಡ, ಮಾಳಿಗೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಕೂರುತ್ತಿತ್ತು. ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳಲ್ಲಿ ಮಳೆನೀರು ನಿಂತು ಹೊಂಡಗಳಾಗಿದ್ದವು. ಅಣ್ಣ ಸೇಡಂನಲ್ಲಿ ಮಾಸ್ತರ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮನೆ, ಹೊಲ, ಒಂದು ಎಮ್ಮೆ ವೈನಿಯ ಸುಪರ್ದಿ. ಎಮ್ಮೆಯನ್ನು ಚಿಂಚೋಳಿ ಕಡೆಯ ಅವರ ತವರಿನಿಂದ ಕರುವಾಗಿದ್ದಾಗಲೇ ಕೊಟ್ಟು ಕಳಿಸಿದ್ದರು. ಅದೀಗ ಮೊದಲ ಸಲ ಗಬ್ಬವಾಗಿತ್ತು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸದ ಕರೆಗೆ ಕಾಯುತ್ತ, ಒಂದು ಕಡೆ ಕೂರಲಾರದೆ ಊರೆಲ್ಲ ಸುತ್ತುತ್ತ, ಕಂಡವರೊಂದಿಗೆ ವಾದ ಮಾಡುತ್ತ ಅಲ್ಲಿದ್ದೆ.

ಆ ಸಲ ಅಣ್ಣ ಸೇಡಂ ಬಜಾರಿನಿಂದ ಮೇವಿನ ಜೋಳದ ಬೀಜ ತಂದಿದ್ದ. ಕಾಳಿಗಾಗಿ ಅಲ್ಲ, ಬರೀ ದನಕ್ಕೆ. ಗೇಣು ಮಣ್ಣಿನಲ್ಲೂ ಬೇರು ಹಿಡಿಯುತ್ತದೆ, ಬಿಸಿಲು ತಡೆಯುತ್ತದೆ, ಒಮ್ಮೆ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮೃಗಶಿರಾ ಮಳೆಗೆ ಬಿತ್ತಿದ್ದು ಆಳೆತ್ತರ ಬೆಳೆಯಿತು. ಮೊದಲ ಕೊಯ್ಲಿನ ಮೇವನ್ನು ಎಮ್ಮೆ ಚಪ್ಪರಿಸಿ ತಿಂದಿತು. ಆಮೇಲೆ ಮಳೆ ಕೈಕೊಟ್ಟಿತು. ಬುಡದಿಂದ ಚಿಗುರಿದ ಕೂಳೆ ಮೊಣಕಾಲೆತ್ತರಕ್ಕೆ ನಿಂತು, ಎಲೆ ಸುರುಳಿ ಸುತ್ತಿಕೊಂಡು, ಮೇಲೆ ಬಿಳಿ ಧೂಳು ಹೊದ್ದು ಮುರುಟಿಕೊಂಡಿತು.

ಪಕ್ಕದ ಹೊಲದ ಕಾಕಾನ ಎತ್ತು ಒಂದು ಮುಂಜಾನೆ ಹಗ್ಗ ಹರಿದುಕೊಂಡು ಅಂಥದೇ ಕೂಳೆಗೆ ನುಗ್ಗಿ ಮೇಯ್ದಿತ್ತು. ಹೊಲ ದಾಟುವ ಮೊದಲೇ ಬಿದ್ದು ಸತ್ತಿತು. ಊರು ಅಂದೇ ತೀರ್ಪು ಕೊಟ್ಟಿತು: ಖಣಿಯ ಧೂಳು. ಮರುದಿನದಿಂದಲೇ ಹೆಂಗಸರು ಹಸಿ ಮೇವಿನ ಸಿವುಡುಗಳನ್ನು ಹೊಂಡಕ್ಕೆ ಹೊತ್ತೊಯ್ದು ಬಟ್ಟೆಯ ಹಾಗೆ ಅದ್ದಿ, ಜಾಡಿಸಿ, ಕಲ್ಲಿನ ಮೇಲೆ ಬಡಿದು ತೊಳೆಯತೊಡಗಿದರು. ಆಮೇಲೆ ಎಲೆಯ ಮೇಲೆ ಬೆರಳು ಎಳೆದು ನೋಡುವುದು. ಬೆರಳಿಗೆ ಬಿಳಿ ಹತ್ತದಿದ್ದರೆ ಮೇವು ಹಸನಾಯಿತು ಎಂದು ಲೆಕ್ಕ.

ನಾನು ವೈನಿಯ ಜೊತೆ ವಾದಕ್ಕಿಳಿದೆ. “ವೈನಿ, ಧೂಳು ತಿಂದು ಸಾಯಲಿಕ್ಕ ದಿನಗಟ್ಟಲೆ ಹಿಡೀತದರಿ. ಆ ಎತ್ತು ನಿಂತ ನಿಲುವಿನ್ಯಾಗ ಬಿತ್ತು. ನೀರಿಲ್ಲದ ಮುರುಟಿದ ಎಳೀ ಜೋಳದಾಗ ವಿಷ ಹುಟ್ತದ. ಅದು ಎಲಿ ಒಳಗ ಇರ್ತದ, ತೊಳದ್ರ ಹೋಗಂಗಿಲ್ಲ.”

“ಜೋಳದಾಗ ವಿಷ ಇದ್ರ ನಾವೆಲ್ಲ ರೊಟ್ಟಿ ತಿಂದು ಎಂದೋ ಗೊಟಕ್ ಅನಬೇಕಿತ್ತು,” ಎಂದು ವೈನಿ ನಕ್ಕರು. “ನೀ ಓದಿದ ಪುಸ್ತಕದಾಗ ನಮ್ಮ ಖಣಿ ಧೂಳಿನ ಸುದ್ದಿ ಬರದಾರೇನು?”

“ಇಲ್ಲ.”

“ಮತ್ತ ಸುಮ್ಮನಿರು ತಮ್ಮಾ. ಹೊಟ್ಟು ಮುಗೀಲಿಕತ್ತದ. ಗಬ್ಬದ ಎಮ್ಮಿಗಿ ನಾ ಏನು ನಿನ್ನ ಸರ್ಟಿಫಿಕೇಟ್ ತಿನ್ನಸಲೇನು?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಒಣ ಜೋಳದ ದಂಟಿನ ಕಣಕಿಯ ಬಣವೆ ಕರಗಿ ಹೋಗಿತ್ತು, ತೊಗರಿ ಹೊಟ್ಟು ಕೋಣೆಯ ಮೂಲೆಗೆ ಇಳಿದಿತ್ತು. ನನಗೂ ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಸೈನೈಡ್ ಎಂಬ ಹೆಸರನ್ನು ನಾನು ಓದಿದ್ದು ಪ್ರಯೋಗಾಲಯದ ಬಾಟಲಿಗಳ ಮೇಲೆ. ಅದು ದನದ ಗೋದಲಿಯಲ್ಲೂ ಇರಬಲ್ಲದು ಎಂಬುದು ಎಲ್ಲೋ ಕಣ್ಣಾಡಿಸಿದ ಒಂದು ಪುಟದ ನೆನಪು ಅಷ್ಟೇ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹಿತ್ತಲಿನಿಂದ ವೈನಿ ಕೂಗಿದ್ದು ಕೇಳಿತು. ಮಾತಿರಲಿಲ್ಲ, ಬರೀ ದನಿ. ಓಡಿದೆ. ಗೋದಲಿಯಲ್ಲಿ ತೊಳೆದ ಮೇವು ಅರ್ಧ ಉಳಿದಿತ್ತು, ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಎಮ್ಮೆಯ ಮೈ ನಡುಗುತ್ತಿತ್ತು. ಬಾಯಲ್ಲಿ ನೊರೆ. ಉಸಿರು ಎಷ್ಟು ಎಳೆದರೂ ಸಾಲದವರ ಹಾಗೆ ಪಕ್ಕೆಗಳು ಏರಿ ಇಳಿಯುತ್ತಿದ್ದವು. ನೋಡುತ್ತಿದ್ದಂತೆ ಮುಂಗಾಲು ಮಡಚಿ ಕುಸಿಯಿತು.

“ಬೆರಳು ಎಳದು ನೋಡಿದ್ದೆ, ಬೆಳ್ಳಗ ಏನೂ ಹತ್ತಿರಲಿಲ್ಲ,” ಎಂದು ವೈನಿ ಬೆರಳನ್ನು ನನ್ನ ಮುಖಕ್ಕೇ ಹಿಡಿದರು.

ಅಣ್ಣನ ಹಳೆಯ ಸ್ಕೂಟರ್ ತೆಗೆದುಕೊಂಡು ಚಿತ್ತಾಪುರಕ್ಕೆ ಹೊಡೆದೆ. ದನದ ದವಾಖಾನೆಯಲ್ಲಿ ಡಾಕ್ಟರು ಬೇರೆ ಹಳ್ಳಿಗೆ ಹೋಗಿದ್ದರು. “ಜೋಳದ ವಿಷಕ್ಕ ಹಾಕೋ ಇಂಜೆಕ್ಷನ್ ನಮ್ಮ ಹತ್ರ ಇಲ್ರಿ, ಕಲಬುರ್ಗಿಗಿ ಹೋಗಬೇಕು,” ಎಂದ ಕಂಪೌಂಡರ್. ಹೊರಗೆ ಬಿಸಿಲಲ್ಲಿ ನಿಂತೆ. ಕಲಬುರ್ಗಿಗೆ ಹೋಗಿ ಬರುವುದರೊಳಗೆ ಎಮ್ಮೆ ತಣ್ಣಗಾಗಿರುತ್ತದೆ. ಆ ಇಂಜೆಕ್ಷನ್ನಿನಲ್ಲಿ ಇರುವುದೇನು ಎಂದು ಯೋಚಿಸಿದಾಗ ಒಂದು ಹೆಸರು ಹೊಳೆಯಿತು: ಥಯೋಸಲ್ಫೇಟ್. ಫೋಟೋ ತೊಳೆಯುವವರು ಅದನ್ನೇ ಹೈಪೋ ಎನ್ನುತ್ತಾರೆ.

ಬಜಾರಿನ ಫೋಟೋ ಸ್ಟುಡಿಯೋ ಎಡಕ್ಕಿತ್ತೋ ಬಲಕ್ಕಿತ್ತೋ, ಈಗ ಎರಡೂ ಕಡೆ ಕಾಣುತ್ತದೆ. ಮಾಲೀಕ ಚಾಚಾ ಬಾಗಿಲಲ್ಲೇ ಚಹಾ ಕುಡಿಯುತ್ತಿದ್ದ.

“ಹೈಪೋ ಬೇಕು ಚಾಚಾ, ಜಲ್ದಿ.”

“ಎಷ್ಟು ಫೋಟೋ ತೊಳೀತಿ ಬೇಟಾ?”

“ಫೋಟೋಕ್ಕಲ್ಲ, ಎಮ್ಮಿಗಿ ಕುಡಸಬೇಕು.”

ಚಾಚಾ ಚಹಾದ ಬಶಿಯನ್ನು ಕೆಳಗಿಟ್ಟ. “ಕರೀ ಎಮ್ಮಿ ಬೆಳ್ಳಗ ಮಾಡಾಕತ್ತೀ ಏನು?” ಎಂದು ನಗಲು ಹೋದವನು ನನ್ನ ಮುಖ ನೋಡಿ ಎದ್ದ. ಒಳಗಿನ ಕತ್ತಲೆಕೋಣೆಯಿಂದ ಹರಳಿನ ಪೊಟ್ಟಣ ತಂದು ಕೈಗಿತ್ತ. “ತಗೋ, ಓಡು. ಬದುಕಿದ್ರ ಅಲ್ಲಾನ ಮೆಹರ್ಬಾನಿ. ಸತ್ರ ಮಾತ್ರ ನನ್ನ ಅಂಗಡಿ ಸುದ್ದಿ ಎತ್ತಬ್ಯಾಡ.”

ಹಿಂದಿರುಗುವಾಗ ರೈಲ್ವೆ ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುತ್ತಿತ್ತು. ಒಂದು ಕಡೆ ಎಮ್ಮೆಯ ಉಸಿರು ನಿಂತಂತೆ ಅನ್ನಿಸುತ್ತಿತ್ತು. ಇನ್ನೊಂದು ಕಡೆ, ನಾನು ನೆನಪಿಸಿಕೊಂಡ ಹೆಸರೇ ತಪ್ಪಾಗಿದ್ದರೆ, ಬದುಕಬಹುದಾದ ಎಮ್ಮೆಯನ್ನು ನಾನೇ ಕೈಯಾರೆ ಕೊಂದಂತಾದರೆ ಎಂಬ ಭಯ. ಪುಸ್ತಕ ತೆರೆದು ನೋಡಲು ಪುಸ್ತಕವಿರಲಿಲ್ಲ. ಪೊಟ್ಟಣ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

ಮನೆಗೆ ಬಂದಾಗ ಹಿತ್ತಲ ತುಂಬ ಜನ. ವೈನಿ ಅಷ್ಟರಲ್ಲಿ ಬೆಲ್ಲದ ನೀರು ಕುಡಿಸಿದ್ದರು. ಎಮ್ಮೆ ಕತ್ತು ಚಾಚಿ ಬಿದ್ದಿತ್ತು, ಉಸಿರಿತ್ತು. ಹರಳನ್ನು ನೀರಲ್ಲಿ ಕದಡಿ, ಔಷಧ ಕುಡಿಸುವ ಬಿದಿರಿನ ಗೊಟ್ಟಕ್ಕೆ ಸುರಿದೆ. ಕಾಕಾ ದವಡೆ ಅಗಲಿಸಿ ಹಿಡಿದ. “ಇದೇನು ಹುಡುಗಾ, ಪಾನಕಾ?” ಎಂದ. ನಾನು ಗೊಟ್ಟವನ್ನು ಎಮ್ಮೆಯ ಬಾಯಿಗೆ ಬಗ್ಗಿಸಿದೆ. ಹೊತ್ತು ಇಳಿಯುವ ಹೊತ್ತಿಗೆ ಎಮ್ಮೆ ಹಿಂಗಾಲು ಊರಿ ಎದ್ದು ನಿಂತಿತು.

ಎಮ್ಮೆ ಉಳಿಸಿದ್ದು ಫೋಟೋದ ಔಷಧ ಎಂದು ವೈನಿ ಊರಲ್ಲಿ ಹೇಳಿಕೊಂಡು ತಿರುಗಿದರು. ಕಾಕಾ ಬೆಲ್ಲ ಎಂದ. ನನಗೆ ಎರಡರ ಮೇಲೂ ಗುಮಾನಿ. ಆ ವಿಷ ಕೊಲ್ಲುವುದಾದರೆ ಬೇಗ ಕೊಲ್ಲುತ್ತದೆ. ನಾನು ಹೋಗಿ ಬರುವವರೆಗೆ ಉಸಿರು ಹಿಡಿದಿದ್ದ ಎಮ್ಮೆ ಏನೂ ಕುಡಿಯದಿದ್ದರೂ ಏಳುತ್ತಿತ್ತೇನೋ. ಅಥವಾ ನಾನು ಅಂದುಕೊಂಡ ವಿಷವೇ ಅದಲ್ಲವೇನೋ.

ಹಸ್ತ ಮಳೆ ಹಿಡಿದು ಹೊಡೆಯಿತು. ಮುರುಟಿದ ಕೂಳೆ ಬುಡದಿಂದ ಹೊಸ ಚಿಗುರು ಒಡೆದು ಕಣ್ಣು ಕುಕ್ಕುವಷ್ಟು ಹಸಿರಾಯಿತು. “ಈಗ ದೇವರೇ ತೊಳದಾನ, ಇನ್ನ ನಿನ್ನ ತಕರಾರು ಏನದ?” ಎಂದ ಕಾಕಾ. ನನ್ನ ತಕರಾರು ಇದ್ದದ್ದೇ ಆ ಹಸಿರಿನ ಮೇಲೆ. ಬರ ಕಂಡ ಬುಡದಿಂದ ಮಳೆಗೆ ಎದ್ದ ಎಳೆ ಚಿಗುರೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಓದಿದ ನೆನಪು. ಹೊಲದ ದಾರಿಗೆ ಜಾಲಿ ಮುಳ್ಳು ಹಚ್ಚಿದೆ. ದಿನಕ್ಕೆ ಹತ್ತು ಸಲ ಹೋಗಿ ಮುಳ್ಳು ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ಗಾಳಿ ಹೊಲದ ಕಡೆಯಿಂದ ಬಂದಾಗ ಎಮ್ಮೆ ಮೂಗು ಎತ್ತಿ ಹಗ್ಗ ಜಗ್ಗುತ್ತಿತ್ತು. ಅದರ ಹೊಟ್ಟೆ ಮಾತ್ರ ದಪ್ಪವಾಗುತ್ತಿತ್ತು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು.

ಒಂದು ದಿನ ಹೊಟ್ಟಿನ ಕೋಣೆ ಗುಡಿಸಿದ ಪೊರಕೆ ಹಿಡಿದುಕೊಂಡೇ ವೈನಿ ನನ್ನೆದುರು ನಿಂತರು. “ಹಸದು ಸಾಯೋದು, ವಿಷ ತಿಂದು ಸಾಯೋದು. ಯಾವದು ಛಲೋ, ನೀನೇ ಹೇಳು. ನೀ ಬ್ಯಾಡ ಅಂದ್ರ ನಾ ಹಾಕಂಗಿಲ್ಲ. ಆದ್ರ ನೀನೇ ಹೇಳಬೇಕು.”

ಅಷ್ಟು ದಿನ ಜಗಳವಾಡಿದವರು ನನ್ನ ಮಾತಿಗೆ ಒಪ್ಪಿದ್ದೇ ನನಗೆ ಹೆಚ್ಚು ಭಯ ತಂದಿತು. ಜೋಳ ಆಗ ಎದೆಯೆತ್ತರಕ್ಕೆ ಬಂದಿತ್ತು, ಇನ್ನೂ ಹೂವಾಡಿರಲಿಲ್ಲ. ಚೆನ್ನಾಗಿ ಒಣಗಿಸಿದರೆ ವಿಷ ಇಳಿಯುತ್ತದೆ ಎಂದು ಓದಿದ್ದೆ. ಎಷ್ಟು ಬಿಸಿಲಿಗೆ ಎಂದು ಓದಿರಲಿಲ್ಲ. ಕೊಯ್ದು ಅಂಗಳದ ಫರಸಿಯ ಮೇಲೆ ತೆಳ್ಳಗೆ ಹರಡಿದೆವು. ಕಾದ ಕಲ್ಲಿನ ಮೇಲೆ ವೈನಿ ಹೊರಳಿಸಿ ಹೊರಳಿಸಿ ಹಾಕಿದರು. ದಂಟು ಮುರಿದರೆ ಪಟ್ ಎನ್ನುವವರೆಗೆ ಕಾದೆವು. ಆಮೇಲೂ ನಾನು ಕಾಯೋಣ ಎಂದೆ. ಕಾದೆವು.

ಕೊನೆಗೆ ಒಂದು ಮುಂಜಾನೆ ವೈನಿ ಒಂದೇ ಒಂದು ಹಿಡಿ ತೆಗೆದುಕೊಂಡು ಗೋದಲಿಯ ಮುಂದೆ ನಿಂತರು.

“ಹಾಕ್ಲೇನು?”

“ಹಾಕ್ರಿ,” ಎಂದೆ.

ಎಮ್ಮೆ ಆ ಹಿಡಿಯನ್ನು ಮುಗಿಸಿ ಗೋದಲಿ ನೆಕ್ಕಿತು. ನಾನು ಅದರ ಬಾಯಿಯನ್ನೇ ನೋಡುತ್ತಿದ್ದೆ. ನೊರೆ ಇಲ್ಲ. ಪಕ್ಕೆ ನೋಡಿದೆ. ಉಸಿರು ಮೊದಲಿನ ಹಾಗೇ ಇದೆಯೋ ಜೋರಾಯಿತೋ ತಿಳಿಯಲಿಲ್ಲ. ಇನ್ನೊಂದು ಹಿಡಿ ಹಾಕಲೇ ಎಂದು ವೈನಿ ಕಣ್ಣಲ್ಲೇ ಕೇಳಿದರು. ತಡೀರಿ ಎಂದು ಕೈ ಮಾಡಿದೆ. ಅವರು ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. ನೆರಳು ಗೋಡೆಯಿಂದ ಇಳಿದು ಅಂಗಳಕ್ಕೆ ಬರುವವರೆಗೂ ಇಬ್ಬರೂ ಅದರ ಪಕ್ಕೆಗಳನ್ನೇ ನೋಡುತ್ತಿದ್ದೆವು.

“ಬಾ ಇಲ್ಲಿ,” ಎಂದು ವೈನಿ ತಟ್ಟನೆ ನನ್ನ ಕೈ ಎಳೆದು ಆ ಬಿಸಿ ಹೊಟ್ಟೆಗೆ ಒತ್ತಿದರು. “ಒಳಗ ಒದೀಲಿಕತ್ತದ. ಗೊತ್ತಾತೇನು?”

ಅಂಗೈ ಕೆಳಗೆ ಏನೋ ಅಲುಗಿದ್ದು ನಿಜ. ಅದು ಕರು ಒದ್ದದ್ದೋ ಎಮ್ಮೆ ಉಸಿರೆಳೆದದ್ದೋ ಹೇಳಲಾರೆ. ಗೊತ್ತಾಯಿತು ಎಂದೆ. ವೈನಿ ಎದ್ದು ಇನ್ನೊಂದು ಹಿಡಿ ತರಲು ಹೋದರು.