ಲಾಡ್ಲೆಸಾಬನ ಮಳೆನೀರಿನ ಶೀಸೆ

ಗಾಣಗಾಪುರದಲ್ಲಿ ಲಾಡ್ಲೆಸಾಬನಷ್ಟು ಜಂಬದ ಡ್ರೈವರ್ ಇನ್ನೊಬ್ಬನಿರಲಿಲ್ಲ. ಊರಿಗೆ ಇದ್ದದ್ದೇ ಅವನೊಬ್ಬ. ದತ್ತಪ್ಪ ಸಾವ್ಕಾರರ ಬಾಡಿಗೆ ಮೋಟಾರನ್ನು ಸ್ಟೇಶನ್ನಿನಿಂದ ಚೌಡಾಪುರದ ಮೇಲೆ ಊರಿಗೆ ಹನ್ನೆರಡು ವರ್ಷ ಓಡಿಸಿದ್ದ. ಉಪ್ಪಿನಂಶ ಸೇರಿದರೆ ಕೆಡುತ್ತದೆಂದು ಅದರ ಬ್ಯಾಟರಿಗೆ ಬಾವಿ ನೀರು, ಹೊಳೆ ನೀರು ಮುಟ್ಟಿಸುತ್ತಿರಲಿಲ್ಲ. ಮಳೆಗಾಲದಲ್ಲಿ ಬಯಲಿಗೆ ಪಿಂಗಾಣಿ ಬೋಗುಣಿ ಇಟ್ಟು, ಹಿಡಿದ ನೀರನ್ನು ಗಾಜಿನ ಶೀಸೆಗೆ ತುಂಬಿ, ವರ್ಷವಿಡೀ ಅದನ್ನೇ ಹಾಕುತ್ತಿದ್ದ. ಯುದ್ಧದ ಕಾಲ, ಹೊಸ ಬ್ಯಾಟರಿ ಎಲ್ಲಿಯೂ ಸಿಗುತ್ತಿರಲಿಲ್ಲ. ಅದು ಕೆಟ್ಟ ದಿನವೇ ನಿನ್ನ ನೌಕರಿಯೂ ಹೋಯಿತೆಂದು ತಿಳಿ ಎಂದು ಸಾವ್ಕಾರರು ಮೊದಲೇ ಹೇಳಿದ್ದರು.

"ನಾಕು ತಿಂಗಳಾತು, ಶೀಸೆ ಮುಟ್ಟಿಲ್ಲ ಅಣ್ಣಾ. ಒಳಗ ನೀರು ಇಳದೇ ಇಲ್ಲ" ಎಂದು ನನ್ನ ಬತ್ತಾಸಿನ ಅಂಗಡಿಯ ಮುಂದೆ ಮೀಸೆ ತಿರುವುತ್ತಿದ್ದ.

ನೀರು ಏಕೆ ಇಳಿಯುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಪ್ರತಿ ಗುರುವಾರ ಅವನು ಬರುವ ಮೊದಲೇ ನನ್ನ ಅಂಗಡಿಯ ಮುಂದೆ ಮೋಟಾರಿಗೆ ಪೂಜೆ ಮಾಡಿದ ಮೇಲೆ, ಉಳಿದ ತೀರ್ಥವನ್ನು ಜನ ತುಳಿಯುವಲ್ಲಿ ಚೆಲ್ಲಬಾರದೆಂದು ಸಾವ್ಕಾರರು ಬ್ಯಾಟರಿಗೇ ಸುರಿಯುತ್ತಿದ್ದರು. ಹೇಳಬೇಕಿತ್ತು. ಅಂಗಡಿ ಅವರ ಜಾಗದಲ್ಲಿತ್ತು, ಹೇಳಲಿಲ್ಲ.

ಒಂದು ಹುಣ್ಣಿಮೆಯ ಬೆಳಿಗ್ಗೆ ಯಾತ್ರಿಕರು ಹತ್ತಿ ಕುಳಿತರೂ ಮೋಟಾರು ಚಾಲೂ ಆಗಲಿಲ್ಲ. ಗುಂಡಿ ಒತ್ತಿದರೆ ಟಕ್ ಎಂದಿತು, ಅಷ್ಟೇ. ಹಾರ್ನು ನರಳಿತು. ಪೆಟ್ರೋಲ್ ಇತ್ತು, ತಂತಿಗಳು ಬಿಗಿಯಾಗಿದ್ದವು. ಹ್ಯಾಂಡಲ್ ಹಾಕಿ ಬೆವರಿಳಿಯುವಂತೆ ತಿರುವಿದರೂ ಕಿಡಿ ಹುಟ್ಟಲಿಲ್ಲ. ಕೊನೆಗೆ ಲಾಡ್ಲೆಸಾಬ ಬ್ಯಾಟರಿಯ ಬಿರಡೆ ಬಿಚ್ಚಿ, ಕಡ್ಡಿಯಿಂದ ಏನನ್ನೋ ಎತ್ತಿ ಹಿಡಿದ. ಕರಕಾದ ತುಳಸಿ ಎಲೆ.

ಅದನ್ನು ಕಂಡು ಸಾವ್ಕಾರರ ಮುಖ ಇಳಿಯಿತು. ಹಾಗಂತ ಒಪ್ಪಿಕೊಂಡರೇ? ಯಾತ್ರಿಕರೆಲ್ಲ ಕೇಳುವಂತೆ, "ಹೊಲಸು ನೀರು ಹಾಕಿ ಕೆಡಿಸಿದಿ. ಕೀಲಿ ಕೊಡು ಲಾಡ್ಲ್ಯಾ" ಎಂದರು. ತಾವೇ ತಂದ ತೀರ್ಥವನ್ನು ಹೊಲಸು ನೀರು ಎನ್ನಲು ಆ ಬಾಯಿಗೆ ನಾಚಿಕೆಯಾಗಲಿಲ್ಲ.

ಲಾಡ್ಲೆಸಾಬ ನನ್ನ ಕಡೆ ತಿರುಗಿದ. "ನೀ ದಿನಾ ಇಲ್ಲೇ ಕುಂದರ್ತಿ ಅಣ್ಣಾ. ಯಾರು ಹಾಕ್ಯಾರ, ಹೇಳು."

ನಾನು ಬತ್ತಾಸು ತೂಗುತ್ತಿದ್ದೆ. ತಲೆ ಎತ್ತದೆ ತೂಗುತ್ತಲೇ ಇದ್ದೆ.

ಅವನು ಕೀಲಿಯನ್ನು ಮೋಟಾರಿನ ಮೇಲಿಟ್ಟ. ತುಂಬಿದ ಶೀಸೆಯನ್ನು ತಂದು ನನ್ನ ತಕ್ಕಡಿಯ ಪಕ್ಕದಲ್ಲಿಟ್ಟ.

"ತೂಗ್ರಿ ಸೇಠಜಿ" ಎಂದ. "ಗಿರಾಕಿ ಕಾಯಾಕತ್ತಾರ."

ಹನ್ನೆರಡು ವರ್ಷ ಅವನು ನನ್ನನ್ನು ಹಾಗೆ ಕರೆದಿರಲಿಲ್ಲ.